ಮನೆಯಲ್ಲಿ ಹೇಳದ ಜೋಕು

ಚಾಪಲ್‌ಟೌನ್, ಲೀಡ್ಸ್
ಡಿಸೆಂಬರ್ ೯, ೨೦೧೨, ಭಾನುವಾರ

ನನ್ನ ಕೋರಲ್,

ಅಮ್ಮನ ಮುತ್ತುಗಳು. ನಿನ್ನ ಪತ್ರ ತಲುಪಿತು. ಫೋನಿನಲ್ಲಿ ಕೇಳಿದರೆ ನಾನು ನಡುವೆಯೇ ಬಾಯಿ ಹಾಕಿ ಇಲ್ಲ ಎಂದುಬಿಡುತ್ತೇನೆಂದು ಪತ್ರ ಬರೆದಿದ್ದೀಯ. ನಿನ್ನ ಉಪಾಯ ನನಗೆ ಗೊತ್ತಾಗದೆ ಇರುತ್ತದೆಯೇ, ಹೆತ್ತವಳು ನಾನು. ಆದರೂ ಒಳ್ಳೆಯದೇ ಆಯಿತು. ನನಗೂ ಫೋನಿನಲ್ಲಿ ಬಾಯಿಗೆ ಬಾರದ ಮಾತುಗಳಿವೆ.

ಇಲ್ಲಿ ಚಳಿ ಜೋರು. ಕ್ರಿಸ್‌ಮಸ್ಸಿಗೆಂದು ತೆಂಗಿನಕಾಯಿ ತುರಿದು ಸಿಹಿ ಬ್ರೆಡ್ಡು ಮಾಡಲು ಶುರು ಮಾಡಿದ್ದೇನೆ. ನಿನ್ನಪ್ಪ ಚೆನ್ನಾಗಿದ್ದಾನೆ, ಹೊಟ್ಟೆ ತುಂಬ ತಿನ್ನುತ್ತಾನೆ.

ನಿನ್ನ ಹೊಸ ಹಾಸ್ಯ ಕಾರ್ಯಕ್ರಮ ಪೂರ್ತಿ ಅಪ್ಪನ ಬಗ್ಗೆಯೇ ಅಂತೆ. ಲಂಡನ್ನಿನಲ್ಲಿ ವಾರಗಟ್ಟಲೆ ನಡೆಯುತ್ತದಂತೆ. ಅವನು ಬಸ್ ಡಿಪೋದಲ್ಲಿ ಹೇಳುತ್ತಿದ್ದ ಜೋಕುಗಳನ್ನೆಲ್ಲ ಕೇಳಿ ಬರೆದು ಕಳಿಸು ಎಂದಿದ್ದೀಯ. ನೀನೇ ಕೇಳುವ ಧೈರ್ಯವಿಲ್ಲವಂತೆ. ತುಂಬಿದ ಸಭಾಂಗಣದಲ್ಲಿ ಅಪರಿಚಿತರ ಮುಂದೆ ನಿಂತು ಮಾತಾಡುವವಳಿಗೆ ಒಬ್ಬ ಮುದುಕನನ್ನು ಕಂಡರೆ ಹೆದರಿಕೆ! ನಗುವುದೋ ಅಳುವುದೋ ನನಗೆ ತಿಳಿಯದು.

ಕೋರಲ್, ನಿನಗೊಂದು ಹಳೆಯ ಕಥೆ ಹೇಳುತ್ತೇನೆ. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಪಕ್ಕದ ಮನೆಯ ಮಿಸೆಸ್ ಹಾರ್ಟ್ಲಿ ಒಂದು ಕೇಕು ತಂದುಕೊಟ್ಟಳು. "ನನ್ನ ಕೈಗೆ ಬೆಂಕಿ ಬೀಳ, ಇಟ್ಟಿಗೆ ಥರ ಆಗಿದೆ, ತಿನ್ನೋಕಾಗದಿದ್ರೆ ಹಕ್ಕಿಗೆ ಹಾಕಿ" ಅಂದಳು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಇಟ್ಟಿಗೆಯೇ. ನಮ್ಮೂರು ಬಾರ್ಬಡೋಸಿನಲ್ಲಿ ಒಬ್ಬ ಹೆಂಗಸು ಹೀಗೆ ಒಪ್ಪಿಕೊಂಡಳೆಂದರೆ ಅವಳಿಗೆ ಕಲಿಸಿಕೊಡುವುದು ನೆರೆಹೊರೆಯ ಧರ್ಮ. "ಹೌದು ಕಣ್ರೀ, ಗಟ್ಟಿಯಾಗಿದೆ. ಬೆಣ್ಣೆ ಸಾಲ್ದು. ಭಾನುವಾರ ಬನ್ನಿ, ನಾನು ಹೇಳ್ಕೊಡ್ತೀನಿ" ಅಂದೆ. ಅವಳ ಮುಖ ಒಡೆದ ಹಾಲಿನಂತಾಯಿತು. ಈಸ್ಟರ್ ಬರುವ ತನಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕೆಲಸದಿಂದ ಬಂದ ನಿನ್ನಪ್ಪ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಯ್ಯೋ ಪೆದ್ದಿ, ಇಲ್ಲಿ ಯಾರಾದ್ರೂ ತಮ್ಮನ್ನ ತಾವೇ ಬೈಕೊಂಡ್ರೆ ನಾವು ಅವರ ಜೊತೆ ಜಗಳಕ್ಕೆ ನಿಲ್ಬೇಕು ಕಣೇ. ಛೇ ಛೇ, ಎಲ್ಲಾದ್ರೂ ಇದೆಯಾ, ಬೆಣ್ಣೆ ಥರ ಇದೆ ಅನ್ಬೇಕು. ಅವರು ಇಲ್ಲ ಇಲ್ಲ ಅಂತಾರೆ, ನೀನು ಹೌದು ಹೌದು ಅನ್ಬೇಕು. ಅದೆಲ್ಲ ಮುಗಿದ್ಮೇಲೆ ಟೀ ಕುಡೀಬಹುದು" ಎಂದು ಪಾಠ ಮಾಡಿದ. ಅವನು ನನಗಿಂತ ಮೊದಲು ಬಂದವನು, ಇವರ ರೀತಿ ರಿವಾಜು ಕಲಿತಿದ್ದ. ಆ ಸಂಜೆ ನನಗೆ ಬಹಳ ಬುದ್ಧಿವಂತ ಗಂಡ ಸಿಕ್ಕಿದ್ದಾನೆ ಅನ್ನಿಸಿತ್ತು.

ಆದರೆ ಅವನ ಪಾಠದಲ್ಲಿ ಒಂದು ಹುಳುಕಿತ್ತು. ಡಿಪೋದಲ್ಲಿ ಅವನು ತನ್ನನ್ನು ತಾನು ಬೈದುಕೊಂಡಾಗ ಯಾರೂ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಯಾರ ಬಾಯಲ್ಲೂ ಛೇ ಛೇ ಬರಲಿಲ್ಲ. ಬಿದ್ದು ಬಿದ್ದು ನಕ್ಕು, ಬೆನ್ನು ತಟ್ಟಿ, "ಒಳ್ಳೇ ಮನುಷ್ಯ ಕಣಯ್ಯಾ ನೀನು, ಇಷ್ಟು ಚೆನ್ನಾಗಿ ತಗೋತೀಯ" ಎಂದರು. ಮಿಸೆಸ್ ಹಾರ್ಟ್ಲಿಯ ಕೇಕಿಗೆ ಸಿಕ್ಕ ಮರ್ಯಾದೆ ನಿನ್ನಪ್ಪನ ಮೈಬಣ್ಣಕ್ಕೆ ಸಿಗಲಿಲ್ಲ.

ನಗುವವರ ಮುಂದೆ ಎಡವಿ ಬೀಳಬಾರದು ಎನ್ನುತ್ತಾರೆ. ಅವನು ದಿನಾ ಬೇಕೆಂದೇ ಎಡವಿ ಬಿದ್ದ, ಬೇರೆಯವರು ಕಾಲು ಅಡ್ಡ ಕೊಡುವ ಮೊದಲೇ.

ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ವರ್ಷ, ಎಲ್ಲ ಕಡೆ ಕರೆಂಟು ಹೋಗುತ್ತಿದ್ದ ಕಾಲ, ಒಂದು ಸಂಜೆ ಡಿಪೋದ ಕ್ಯಾಂಟೀನು ಕತ್ತಲಾಯಿತಂತೆ. ಯಾರೋ ಏನೋ ಹೇಳಲು ಬಾಯಿ ತೆರೆದದ್ದು ಇವನಿಗೆ ಕೇಳಿಸಿತು. ಏನು ಹೇಳುತ್ತಾನೆಂದು ಇವನಿಗೆ ಗೊತ್ತು. ತಾನೇ ಮುಂದಾಗಿ ಹೇಳಿಬಿಟ್ಟ: "ಹೆದರ್ಬೇಡಿ ಸ್ವಾಮಿ, ಕಲ್ಲಿದ್ದಲು ಮುಗಿದಿಲ್ಲ, ಇಲ್ಲೇ ಕೂತಿದೆ. ನಾನು ನಗ್ತಾ ಇರ್ತೀನಿ, ನನ್ನ ಹಲ್ಲು ನೋಡ್ಕೊಂಡು ಬಾಗಿಲು ಹುಡುಕಿ." ಅಲ್ಲಿಂದ ಅದು ಡಿಪೋದ ಆಸ್ತಿಯಾಯಿತು. ಆ ವರ್ಷದ ಕ್ರಿಸ್‌ಮಸ್ ಪಾರ್ಟಿ ನಿನಗೆ ನೆನಪಿದ್ದೇ ಇರುತ್ತದೆ. ಯಾರೋ ಬೇಕೆಂದೇ ದೀಪ ಆರಿಸಿದರು. "ಸೇಮೂರ್, ಅದನ್ನ ಹೇಳೋ, ಅದನ್ನ ಹೇಳೋ" ಎಂದು ಮೇಜು ಬಡಿದರು. ಅವನು ಹೇಳಿದ. ದೀಪ ಬಂದಾಗ ನನ್ನ ತೊಡೆಯ ಮೇಲೆ ಕೂತು, ಕಾಗದದ ಕಿರೀಟ ಹಾಕಿಕೊಂಡು, ನೀನೂ ನಗುತ್ತಿದ್ದೆ. ಅವನು ಅದನ್ನು ನೋಡಿದ. ನಿನ್ನದೇನೂ ತಪ್ಪಿಲ್ಲ ಮಗಳೇ, ಎಲ್ಲರೂ ನಕ್ಕರೆ ಮಕ್ಕಳೂ ನಗುತ್ತವೆ.

ಮನೆಗೆ ನಡೆದು ಬರುವಾಗ ನಾನು ಅವನಿಗೆ ಹೇಳಿದೆ, "ಆ ಮಾತು ನನ್ನ ಮನೆ ಹೊಸಿಲು ದಾಟಕೂಡದು." ಅವನು ನಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದ. "ದಾಟಲ್ಲ ವರ್ಲೀನ್" ಅಂದ. ದಾಟಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ. ಬಸ್ಸಿನ ಕೋಟನ್ನು ಬಾಗಿಲ ಹಿಂದೆ ತೂಗುಹಾಕಿದ ಮೇಲೆ ಅವನು ಬೇರೆಯೇ ಮನುಷ್ಯ. ಗಂಭೀರ, ಸ್ವಲ್ಪ ಸಿಡುಕ, ಊಟದ ಹೊತ್ತಿಗೆ ಯಾರಾದರೂ ಬೆನ್ನು ಬಗ್ಗಿಸಿ ಕೂತರೆ ಗದರುವವನು. "ನಮ್ಮಪ್ಪನಿಗೆ ನಗೋದಕ್ಕೇ ಬರಲ್ಲ" ಎಂದು ನೀನು ದೂರುತ್ತಿದ್ದೆ. ನನಗೆ ಮಾತ್ರ ಆ ಸಿಡುಕೇ ಪ್ರೀತಿಯಾಗಿತ್ತು. ನಮ್ಮ ಮುಂದೆ ಅವನು ಯಾರನ್ನೂ ನಗಿಸಬೇಕಾಗಿರಲಿಲ್ಲ.

ಆದ್ದರಿಂದ ನಾಲ್ಕು ವರ್ಷದ ಹಿಂದೆ ಲೀಡ್ಸಿನಲ್ಲಿ ನಡೆದ ನಿನ್ನ ಕಾರ್ಯಕ್ರಮದ ವಿಷಯ ಹೇಳಲೇಬೇಕು. ಅವನು ಮದುವೆಗಳಿಗೆ ಹಾಕುವ ಸೂಟು ಹಾಕಿಕೊಂಡು ಬಂದಿದ್ದ. ಪಕ್ಕದಲ್ಲಿ ಕೂತ ಹೆಂಗಸು ಏನೂ ಕೇಳದಿದ್ದರೂ "ಅವಳು ನನ್ನ ಮಗಳು" ಎಂದು ಹೇಳಿದ. ನೀನು ಚೆನ್ನಾಗಿಯೇ ಮಾಡಿದೆ. ನಿನ್ನ ಕೂದಲು, ನನ್ನ ಚರ್ಚು, ಟಬ್ಬಿನಲ್ಲಿ ನೆನೆಹಾಕಿದ ಉಪ್ಪುಮೀನು, ಎಲ್ಲಕ್ಕೂ ಅವನು ತುಟಿ ಬಿಗಿದುಕೊಂಡು ನಕ್ಕ. ಆಮೇಲೆ ನೀನು ಕಲ್ಲಿದ್ದಲಿನ ಜೋಕು ಹೇಳಿದೆ, ಅವನ ದನಿಯಲ್ಲೇ. ಸಭಾಂಗಣ ಹಾರಿಹೋಗುವಷ್ಟು ನಗು. ಅವನು ಟೋಪಿ ತೆಗೆದುಕೊಂಡು ಎದ್ದ. ನಾನೂ ಹಿಂದೆಯೇ ಹೋದೆ.

ನಾವು ಹೋದ ಮೇಲೆ ನೀನು ಅವರ ಮುಖ ನೋಡಿ, "ಯಾಕೆ ನಕ್ಕಿರಿ?" ಎಂದು ಕೇಳಿದೆಯಂತೆ. ನನಗೆ ಬಹಳ ದಿನಗಳ ಮೇಲೆ ಚರ್ಚಿನವರೊಬ್ಬರು ಹೇಳಿದರು. ಬಹಳ ಜಾಣೆ ನೀನು, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವನು ಆ ಪ್ರಶ್ನೆ ಕೇಳಿಸಿಕೊಳ್ಳಲಿಲ್ಲ ಕೋರಲ್. ನಗು ಮಾತ್ರ ಕೇಳಿದ. ಬಸ್ ನಿಲ್ದಾಣದಲ್ಲಿ ನಿಂತು ಅವನು ಹೇಳಿದ್ದು ಇಷ್ಟೇ: "ಅವಳಿಗೆ ಇದು ಬೇಕಾಗ್ಬಾರ್ದು ಅಂತ ತಾನೇ ನಾನು ಅಷ್ಟು ವರ್ಷ ಹೇಳಿದ್ದು?"

ಆಮೇಲೆ ನೀನು ಫೋನ್ ಮಾಡಿದೆ, ಅವನು ಫೋನಿಗೆ ಬರಲಿಲ್ಲ. "ಅಪ್ಪನಿಗೆ ನನ್ನನ್ನು ಕಂಡರೆ ನಾಚಿಕೆ" ಎಂದು ನೀನು ಮುನಿಸಿಕೊಂಡೆ. ನಾನು ಚರ್ಚಿನವರ ಮಾತನ್ನು ಅವನಿಗೆ ಮುಟ್ಟಿಸುವ ಹೊತ್ತಿಗೆ ಮಾತು ಅವನೊಳಗೆ ನಿಲ್ಲುವ ಕಾಲ ಮುಗಿದಿತ್ತು.

ಹೌದು. ಮೇಲೆ ನಿನ್ನಪ್ಪ ಚೆನ್ನಾಗಿದ್ದಾನೆ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು. ಏಪ್ರಿಲ್‌ನಿಂದ ಅವನು ಈ ಮನೆಯಲ್ಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಮಲಗಿದ್ದಾನೆ, ಅಪ್ಪ ಹೊರಗೆ ಹೋಗಿದ್ದಾನೆ ಎಂದೆ. ಅವನು ಇರುವುದು ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ವೃದ್ಧಾಶ್ರಮದಲ್ಲಿ. ಮರೆವು. ತಿಳಿವಳಿಕೆ ಇನ್ನೂ ಇದ್ದಾಗ ಅವನೇ ನನ್ನಿಂದ ಮಾತು ತೆಗೆದುಕೊಂಡಿದ್ದ: "ಕೋರಲ್‌ಗೆ ಹೇಳ್ಬೇಡ, ಇದನ್ನೂ ಜೋಕ್ ಮಾಡ್ಬಿಡ್ತಾಳೆ." ಹೇಳುವಾಗ ನಗುತ್ತಿದ್ದ, ಅವನ ಕಣ್ಣು ಮಾತ್ರ ನಗಲಿಲ್ಲ.

ಮೊದಲು ಬೀದಿಗಳ ಹೆಸರು ಹೋದವು. ಜೀವನವಿಡೀ ಬಸ್ಸು ಓಡಿಸಿದವನಿಗೆ! ಆಮೇಲೆ ಅವನ ಅಮ್ಮನ ಹೆಸರು, ಊರಿನ ಸಮುದ್ರ, ಎಲ್ಲ. ಉಳಿದದ್ದು ಡಿಪೋದ ಜೋಕುಗಳು. ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದರೆ, "ನಂಗೇನ್ಗೊತ್ತು ಸಾರ್, ಮರದಿಂದ ನಿನ್ನೆ ತಾನೇ ಇಳಿದು ಬಂದಿದೀನಿ" ಅಂದ. ಡಾಕ್ಟರು ನಕ್ಕು, "ಹಾಸ್ಯಪ್ರಜ್ಞೆ ಚೆನ್ನಾಗಿದೆ" ಎಂದು ನನಗೆ ಸಮಾಧಾನ ಹೇಳಿದರು. ಈ ದೇಶದಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲವಲ್ಲ. ನನಗೆ ಅವರ ಕೆನ್ನೆಗೆ ಒಂದು ಬಾರಿಸಬೇಕೆನ್ನಿಸಿತು.

ಅವನನ್ನು ನೋಡಿಕೊಳ್ಳುವ ಹುಡುಗಿ ಓಮೊಲಾರಾ, ನೈಜೀರಿಯಾದವಳು. ಮೊದಲ ದಿನ ಅವನ ಜೋಕಿಗೆ ಅವಳು ನಗಲಿಲ್ಲ. "ಡ್ಯಾಡಿ, ನಿಮ್ಮನ್ನ ನೀವೇ ಹಂಗೆಲ್ಲ ಅನ್ಕೋಬಾರ್ದು" ಎಂದು ಕೈ ಹಿಡಿದಳು. ಅವನು ಹೆದರಿಬಿಟ್ಟ. ಎದುರಿನವರು ನಗದಿದ್ದರೆ ಮುಂದೆ ಏನಾಗುತ್ತದೆ ಎಂಬುದೊಂದು ಅವನಿಗೆ ಮರೆತಿಲ್ಲ. ಅದೇ ಜೋಕನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಾನೆ. ನಕ್ಕರೆ ಹೆಗಲು ಇಳಿಯುತ್ತದೆ, ಊಟ ಮಾಡುತ್ತಾನೆ. ಓಮೊಲಾರಾ ಈಗ ನಗುವುದನ್ನು ಕಲಿತಿದ್ದಾಳೆ. ನಕ್ಕು, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಇಷ್ಟೆಲ್ಲದರ ನಡುವೆ ನನ್ನ ಮುಂದೆ ಅವನು ಸಿಡುಕನಾಗಿಯೇ ಇದ್ದ. "ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ, ಬ್ರೆಡ್ಡಿಗೆ ಜಾಯಿಕಾಯಿ ಹಾಕಿದ್ಯೋ ಇಲ್ವೋ" ಎಂದು ಗದರುತ್ತಿದ್ದ. ಅದನ್ನು ಕೇಳುವುದಕ್ಕೇ ನಾನು ದಿನಾ ಎರಡು ಬಸ್ಸು ಹತ್ತುತ್ತಿದ್ದೆ.

ಹೋದ ಮಂಗಳವಾರ ಹೋದಾಗ ಸಂಜೆಗತ್ತಲು ಇಳಿದಿತ್ತು, ಕೋಣೆಯ ದೀಪ ಇನ್ನೂ ಹಾಕಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತೆ. ಅವನು ನನ್ನನ್ನು ನೋಡಿದ. ಕಾಲರ್ ಸರಿಮಾಡಿಕೊಂಡು, ನೆಟ್ಟಗೆ ಕೂತು, ನಾನು ಮನೆಯೊಳಗೆ ಎಂದೂ ಕೇಳದ ಆ ಡಿಪೋದ ದನಿಯಲ್ಲಿ ಹೇಳಿದ: "ಹೆದರ್ಬೇಡಿ ಮೇಡಂ, ಕಲ್ಲಿದ್ದಲು ಮುಗಿದಿಲ್ಲ, ಇಲ್ಲೇ ಕೂತಿದೆ."

ನನಗೆ ಹೇಳಿದ ಕೋರಲ್. ಅವನಿಗಿಂತ ಒಂದು ಕೈ ಹೆಚ್ಚೇ ಕಪ್ಪಗಿರುವ ನನಗೆ. ನನ್ನ ಎದೆ ಒಡೆದುಹೋಯಿತು. ಹೆಸರು ಮರೆತಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನಗೆ ಹೆದರಿದ.

ಆದ್ದರಿಂದ ಜೋಕುಗಳನ್ನು ಬರೆದು ಕಳಿಸುವುದಿಲ್ಲ. ಕೋಪದಿಂದಲ್ಲ. ನಿನ್ನ ಕಾರ್ಯಕ್ರಮ ನೀನು ಮಾಡು, ಅವರನ್ನು ನಗಿಸು, ನಕ್ಕವರನ್ನು ಯಾಕೆಂದು ಕೇಳು. ನಿನ್ನಪ್ಪನಿಗೆ ಹಾಗೆ ಕೇಳುವಷ್ಟು ಪುರಸೊತ್ತಿರಲಿಲ್ಲ, ಮುಂದಿನ ಬಸ್ಸು ಕಾಯುತ್ತಿತ್ತು. ಆದರೆ ಮೊದಲು ಇಲ್ಲಿಗೆ ಬಾ. ನಿನ್ನ ಪಟವನ್ನು ಅವನು ಇನ್ನೂ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾನೆ. ಮೊನ್ನೆ ಓಮೊಲಾರಾ ಯಾರಿವಳು ಎಂದು ಕೇಳಿದರೆ, "ನನ್ನ ಮಗಳು, ಬೆನ್ನು ಬಗ್ಗಿಸಿ ಕೂರ್ತಾಳೆ" ಎಂದು ಸಿಡುಕಿದನಂತೆ. ಇನ್ನೂ ಸಿಡುಕುತ್ತಿದ್ದಾನೆ ಎಂದರೆ ನೀನು ಇನ್ನೂ ಅವನ ಮನೆಯೊಳಗೇ ಇದ್ದೀಯ. ನಿನಗೂ ಅವನು ಆ ಜೋಕು ಹೇಳುವ ಮೊದಲು ಬಂದುಬಿಡು ಮಗಳೇ.

ಬ್ರೆಡ್ಡು ಎತ್ತಿಟ್ಟು ಕಾಯುವ,
ನಿನ್ನ ಅಮ್ಮ
ವರ್ಲೀನ್ ಗಿಟನ್ಸ್

ಮರೆತ ಮಾತು: ಮರೆತದ್ದಲ್ಲ, ಬರೆಯುವುದು ಬೇಡವೆಂದುಕೊಂಡಿದ್ದೆ. ಮಂಗಳವಾರ ಅವನು ಜೋಕು ಹೇಳಿದಾಗ, ಅವನೇ ಕಲಿಸಿದ ಹಾಗೆ, "ಛೇ ಛೇ, ಎಲ್ಲಾದ್ರೂ ಇದೆಯಾ" ಅಂದೆ. ಅವನು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳತೊಡಗಿದ. ಅದಕ್ಕೇ ನಕ್ಕೆ. ಡಿಪೋದ ಗಂಡಸರ ಹಾಗೆ ತೊಡೆ ತಟ್ಟಿಕೊಂಡು ನಕ್ಕೆ. ಹೆಗಲು ಇಳಿಯಿತು, ಬ್ರೆಡ್ಡು ತಿಂದ. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ: "ಒಳ್ಳೆಯವರು ಕಣ್ರೀ ನೀವು. ಇನ್ನೇನು ನಮ್ಮನೆಯವಳು ಬರೋ ಹೊತ್ತು. ಅವಳ ಮುಂದೆ ಈ ಜೋಕ್ ಎತ್ಬೇಡಿ. ಅವಳ ಹತ್ರ ನಂಗೆ ಇದು ಬೇಕಾಗಲ್ಲ." ಹಾಗೆಂದು ಬಾಗಿಲ ಕಡೆ ನೋಡುತ್ತಾ ಕೂತ. ನಾನೂ ಪಕ್ಕದಲ್ಲೇ ಕೂತು ಬಾಗಿಲನ್ನು ನೋಡಿದೆ.