ಮೆಟ್ಟಿಲಿಳಿದ ವೀರ

ಮೈದಾನ್ ಹವಲ್ಲಿ, ಕುವೈತ್
12 ನವೆಂಬರ್ 1997, ಬುಧವಾರ

ಪ್ರೀತಿಯ ಲವಿಟಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ನಾಚಿಕೆಯಾಗಿ ಎದ್ದುಬಿಡುತ್ತಿದ್ದೆ. ಕ್ಷಮಿಸು. ಪಪ್ಪ ಸೌಖ್ಯ. ಈಗೀಗ ಇಗರ್ಜಿಯಲ್ಲಿ ಹಿಂದೆ ಕೂರುವುದು ಬಿಟ್ಟು ಮುಂದಿನ ಬೆಂಚಿಗೆ ಹೋಗುತ್ತಾರೆ. ಕಾರಣ ನಾನು.

ಅವರು ಫೋನಿನಲ್ಲಿ ನಿನಗೆ ಹೇಳಿದ್ದು ಇಷ್ಟು: ಮಮ್ಮು ಕಾಕನ ಅಂಗಡಿಯಿಂದ ರೊಟ್ಟಿ ಕೊಡಲು ಹೋಗಿದ್ದ ನಾನು, ಬೆಂಕಿ ಬಿದ್ದ ಕಟ್ಟಡದ ಮೂರನೇ ಮಾಳಿಗೆಯಿಂದ ಅಲ್ಲಿನ ಮನೆಯೊಂದರ ಮಗು, ಪುಟ್ಟ ಅಲಿಶಾಳನ್ನು ಎತ್ತಿ ತಂದೆ. ಅದನ್ನು ನಂಬಿ ನೀನು, ಗ್ರೀಕರ ಹಳೆಯ ಕಾವ್ಯಗಳಲ್ಲಿ ನಿಜವಾದ ವೀರ ಯಾರು ಎಂಬ ನಿನ್ನ ಎಂ.ಎ. ಪ್ರಬಂಧದ ಕೊನೆಗೆ ನನ್ನ ಹೆಸರು ಹಾಕುತ್ತೇನೆಂದು ಬರೆದಿದ್ದೀ. ಹಾಕಬೇಡ ಅಕ್ಕ.

ಹೊಗೆ ಕಂಡ ಕೂಡಲೇ ನಾನು ರೊಟ್ಟಿ ಎಸೆದು ಕೆಳಗೆ ಓಡಿದ್ದು. ಮೆಟ್ಟಿಲಲ್ಲಿ ಅಲಿಶಾ ಕಾಲಿಗೆ ಸುತ್ತಿಕೊಂಡಳು. ಬಿಡಿಸಲು ನೋಡಿದೆ, ಬಿಡಲಿಲ್ಲ. ಬಿಡಿಸುವುದಕ್ಕಿಂತ ಎತ್ತಿಕೊಂಡು ಓಡುವುದೇ ಬೇಗ ಎನ್ನಿಸಿತು. ಅವಳನ್ನು ನೋಡಿಕೊಳ್ಳುವ ಮಗ್ದಲೀನ್ ಆಂಟಿ ಹಿಂದೆಯೇ ಉಳಿದರು. ಅಗ್ನಿಶಾಮಕದವರು ಇಳಿಸುವಾಗ ಅವರ ಎರಡೂ ಕೈ ಸುಟ್ಟಿದ್ದವು. ಇನ್ನೂ ಆಸ್ಪತ್ರೆಯಲ್ಲಿದ್ದಾರೆ.

ಕೆಳಗೆ ಅರಬರು ನನ್ನನ್ನು ಸುತ್ತುವರಿದು "ಬತಲ್! ಬತಲ್!" ಎಂದು ಕೂಗಿದರು. ಬತ್ತಲೆ ಎನ್ನುತ್ತಿದ್ದಾರೆಂದು ನಾನು ಗಾಬರಿಯಿಂದ ಪ್ಯಾಂಟ್ ನೋಡಿಕೊಂಡೆ.

"ಬತ್ತಲೆ ಅಲ್ಲ ಮಾರಾಯ, ಬತಲ್! ಅರಬಿಯಲ್ಲಿ ವೀರ ಅಂತ!" ಎಂದು ಮಮ್ಮು ಕಾಕ ಬೆನ್ನು ತಟ್ಟಿ ನಕ್ಕರು. ನನಗೆ ಮಾತ್ರ ಮೊದಲು ಕೇಳಿಸಿದ್ದೇ ಸರಿ ಎನ್ನಿಸಿತು.

ಗ್ರೀಕರ ವೀರ ಒಳ್ಳೆಯವನೇ ಆಗಬೇಕೆಂದಿಲ್ಲ, ತನ್ನವರ ಕಣ್ಣಲ್ಲಿ ಹೇಡಿಯಾಗಲು ನಾಚುವವನು, ಸತ್ತರೂ ಹೆಸರು ಉಳಿಯಲಿ ಎನ್ನುವವನು ಎಂದು ಬರೆದಿದ್ದೆಯಲ್ಲ. ಅವರಲ್ಲೊಬ್ಬ ಶತ್ರುವಿಗೆ ಹೆದರಿ ತನ್ನದೇ ಕೋಟೆಯ ಸುತ್ತ ಓಡಿ, ಕೊನೆಗೆ ನಿಂತನಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅಷ್ಟು ದೊಡ್ಡವನೂ ಓಡಿದನಲ್ಲ ಎಂದು ಮೊದಲು ಸಮಾಧಾನವಾಯಿತು. ಆದರೆ ಅವನು ನಿಂತ. ನಾನು ರಸ್ತೆ ಸಿಗುವ ತನಕ ನಿಲ್ಲಲಿಲ್ಲ. ಮತ್ತೆ, ಅವನು ಓಡಿದ್ದನ್ನು ಕವಿ ಬಚ್ಚಿಡಲಿಲ್ಲ. ಇಲ್ಲಿ ಜನ ಹೇಳುವ ನನ್ನ ಕಥೆಯಲ್ಲಿ ಓಟವೇ ಇಲ್ಲ.

ನಾಡಿದ್ದು ಶುಕ್ರವಾರ ನಮ್ಮ ಊರಿನವರ ಸಂಘ ನನಗೆ ಶಾಲು ಹೊದಿಸುತ್ತದೆ. ಅದನ್ನು ತಪ್ಪಿಸಲು ನಿನ್ನೆ ಸಲ್ವಾ ಬಡಾವಣೆಗೆ ಹೋಗಿ ಅಧ್ಯಕ್ಷರಾದ ಹರ್ಬರ್ಟ್ ಅಂಕಲ್‌ಗೆ ಹೇಳಿದೆ, "ಅಂಕಲ್, ನಾನು ಹೆದರಿ ಓಡಿದ್ದು. ಮಗು ಅಂಟಿಕೊಂಡಿತ್ತು, ಅಷ್ಟೆ."

ಅವರು ಹೆಂಡತಿಯನ್ನು ಕೂಗಿದರು. "ಕ್ಯಾಥರಿನ್, ಇಲ್ಲಿ ಬಾ, ಇವನದ್ದು ಕೇಳು! ಎಂಥಾ ವಿನಯ! ನಮ್ಮ ರೂಬೆನ್ ಒಂದು ಬಲ್ಬ್ ಹಾಕಿದ್ರೆ ವಾರ ಇಡೀ ಹೇಳ್ತಾನೆ."

"ವಿನಯ ಅಲ್ಲ ಅಂಕಲ್, ನಿಜ."

"ಆಯ್ತು ಮಾರಾಯ, ನಿಜವೇ. ಸ್ಟೇಜಿನಲ್ಲೂ ಹೀಗೇ ಹೇಳು. ಜನ ಅತ್ತುಬಿಡ್ತಾರೆ."

ಕ್ಯಾಥರಿನ್ ಆಂಟಿ ಕೇಕ್ ಕೊಟ್ಟರು. ತಿಂದೆ. ಅದಕ್ಕೂ ನಾಚಿಕೆಯಾಗುತ್ತಿದೆ.

ಪಪ್ಪನಿಗೂ ಹೇಳಿದೆ. ಅವರು ಟಿವಿ ಆರಿಸಿದರು. "ಡೋಲ್ಫಿಯ ಮಗ ಕಾಲೇಜು ಬಿಟ್ಟು ಬಂದ ಅಂತ ಎಲ್ಲರೂ ನನ್ನನ್ನು ಆಡಿಕೊಂಡಾಗ ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ಸ್ವಲ್ಪ ನೀನು ಮುಚ್ಚಿಕೋ" ಎಂದರು.

ನೀನಾದರೂ ನಂಬು. ಪಿಯುಸಿ ಪರೀಕ್ಷೆಯಲ್ಲಿ "ಓದಿಲ್ಲ" ಎಂದು ಬರೆದಿಟ್ಟು ಎದ್ದು ಬಂದವನು ನಾನು. ವಿನಯ ನನಗೆಲ್ಲಿಂದ ಬರಬೇಕು?

ದೇವರು ನಿನ್ನನ್ನೂ ಮಮ್ಮಿಯನ್ನೂ ಚೆನ್ನಾಗಿಡಲಿ. ಪ್ರಬಂಧಕ್ಕೆ ಒಳ್ಳೆಯ ಅಂಕ ಬರಲಿ, ನನ್ನ ಹೆಸರಿಲ್ಲದೆ.

ನಿನ್ನ ತಮ್ಮ,
ಆನ್ಸನ್

ಮೇಲೆ ಬರೆಯಲು ಧೈರ್ಯ ಬರದೇ ಬಿಟ್ಟದ್ದು: ಮೆಟ್ಟಿಲಲ್ಲಿ ಮಗ್ದಲೀನ್ ಆಂಟಿ ಕೈ ಚಾಚಿ "ರಾವ್ ಪುತಾ" ಎಂದು ಕೂಗಿದ್ದರು. ನಿಲ್ಲು ಮಗನೇ ಎಂದು, ನಮ್ಮದೇ ಕೊಂಕಣಿಯಲ್ಲಿ. ನನಗೆ ಕೇಳಿಸಿತ್ತು. ಹರ್ಬರ್ಟ್ ಅಂಕಲ್‌ಗೂ ಪಪ್ಪನಿಗೂ ಇದೊಂದನ್ನು ಹೇಳಿಲ್ಲ. ಇವತ್ತು ಪಪ್ಪ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಂಟಿ ಬ್ಯಾಂಡೇಜ್ ಸುತ್ತಿದ ಕೈ ಎತ್ತಿ ಊರಿನ ನರ್ಸ್ ಒಬ್ಬಳಿಗೆ ನನ್ನನ್ನು ತೋರಿಸಿದರು. "ಇವನೇ ಆನ್ಸನ್. ನಾನೇ ಹೇಳಿದ್ದು, ನನ್ನನ್ನು ಬಿಡು, ಮಗುವನ್ನು ಕೊಂಡುಹೋಗು ಅಂತ. ಅಲ್ವಾ ಪುತಾ?"

ಪಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎಂದೆ.