ಟೆರೇಸಿನಿಂದ ಇಳಿದು ಬಂದ ಹಾಡು

ಸೋಮವಾರ, ಮಧ್ಯಾಹ್ನ

ಚಿರಂಜೀವಿ ದೊಡ್ಡಕಿವಿಗೆ,

ಆಶೀರ್ವಾದಗಳು. ಸಿಟ್ಟಿನ ಭರದಲ್ಲಿ ಮರೆತುಹೋಗುವ ಸಂಭವವಿರುವುದರಿಂದ ಅವನ್ನು ಮೊದಲೇ ಹೇಳಿ ಮುಗಿಸಿದ್ದೇನೆ. ಇನ್ನು ಮುಂದೆ ಈ ಪತ್ರದಲ್ಲಿ ನಿನಗೆ ಹಿತವಾದದ್ದು ಸಿಗುವುದು ಕಷ್ಟ.

ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಮಾಡಿದರೆ ಮೊದಲ ಮಾತಿಗೇ ನೀನು "ಸಾರಿ ಮೇಡಂ" ಅನ್ನುತ್ತೀಯ, ನಾನು ಕರಗಿ "ಊಟ ಆಯ್ತಾ?" ಅನ್ನುತ್ತೇನೆ, ಅಲ್ಲಿಗೆ ವಿಷಯ ಮಣ್ಣುಪಾಲಾಗುತ್ತದೆ. ಕಾಗದಕ್ಕೆ ಆ ದೌರ್ಬಲ್ಯವಿಲ್ಲ.

ನಿನ್ನೆಯ ಪುರವಣಿಯಲ್ಲಿ ನಿನ್ನ ಬರಹವನ್ನು ಓದಿದೆ: ಈ ವರ್ಷ ನಿನಗೆ ಮೆಚ್ಚುಗೆಯಾದ ಮೂರು ಆಲ್ಬಮ್‌ಗಳು, ಮರೆಯಲಾಗದ ಒಂದು ಸಂಗೀತ ಕಚೇರಿ. ಆಲ್ಬಮ್‌ಗಳ ಬಗ್ಗೆ ನನಗೆ ತಕರಾರಿಲ್ಲ. 'ಅಂಗಡಿ ಮುಚ್ಚುವ ಹೊತ್ತು' ಆಲ್ಬಮ್ಮಿನಲ್ಲಿ ಸ್ಯಾಕ್ಸೊಫೋನ್ ವಾದಕ ಉಸಿರೆಳೆದುಕೊಳ್ಳುವ ಸದ್ದನ್ನು ಅಳಿಸದೆ ಬಿಟ್ಟಿದ್ದಾರೆ, ಆ ಉಸಿರೇ ಅದರ ನಿಜವಾದ ತಾಳ ಎಂದು ಬರೆದೆಯಲ್ಲ, ಅದನ್ನು ಓದಿ ಪೆನ್ಸಿಲ್ ಹುಡುಕಿ ತಂದು ಆ ಸಾಲಿನ ಕೆಳಗೆ ಗೆರೆ ಎಳೆದೆ. 'ನಿಂತ ಲಿಫ್ಟು' ನನಗೆ ಅಷ್ಟಾಗಿ ಹಿಡಿಸಿರಲಿಲ್ಲ; ಅಕ್ಕತಂಗಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹಾಡುತ್ತಾರೆ ಅನ್ನಿಸಿತ್ತು. ಜಗಳದಲ್ಲಿ ಸೋತವಳು ಕೋಣೆಯಿಂದ ಕೊನೆಗೆ ಹೊರಬೀಳುವ ಹಾಗೆ ತಂಗಿ ಬೇಕೆಂದೇ ತಡವಾಗಿ ಬಂದು ಸೇರುತ್ತಾಳೆ ಎಂದು ನೀನು ತೋರಿಸಿಕೊಟ್ಟ ಮೇಲೆ ಮತ್ತೆ ಹಾಕಿ ಕೇಳಿದೆ. ನೀನೇ ಗೆದ್ದೆ.

ಮೂರನೆಯದು 'ಎರಡನೇ ಮಹಡಿ'. ಹಗಲೆಲ್ಲ ಜನರ ಹಲ್ಲು ಕೀಳುವ ದಂತವೈದ್ಯೆ, ಅವಳ ಗಿಟಾರು ನುಡಿಸುವ ತಮ್ಮ, ಇಬ್ಬರೂ ಸೇರಿ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಾಡಿದ ಆಲ್ಬಮ್. ಅದು ಹೊರಬಂದಾಗ ಬೇರೆಯವರೆಲ್ಲ ಡಾಕ್ಟರರ ಹವ್ಯಾಸ ಎಂದು ಬೆನ್ನು ತಟ್ಟಿ ಸುಮ್ಮನಾದರು. ಇವಳು ಗಾಯಕಿ ಎಂದು ಬರೆದವಳು ನೀನೊಬ್ಬಳೇ. ಆ ಮಾತನ್ನು ಅವಳು ಇಂದಿಗೂ ನೆನೆಯುತ್ತಾಳೆ.

ಇಷ್ಟನ್ನು ಓದಿ ಉಬ್ಬಿ, ಪುಟದ ಕೆಳಭಾಗದಲ್ಲಿ ಅವಳದೇ ಕಚೇರಿಯ ಬಗ್ಗೆ ಬರೆದದ್ದಕ್ಕೆ ಇಳಿದೆ. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ: "ಶನಿವಾರದ ಕಚೇರಿಯಲ್ಲಿ ಶೀರ್ಷಿಕೆ ಗೀತೆಯನ್ನು ಗಾಯಕಿ ಆಲ್ಬಮ್ಮಿನಷ್ಟೇ ಎತ್ತರದಲ್ಲಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹಾಡಿ ಸಭಿಕರನ್ನು ಮಂತ್ರಮುಗ್ಧರನ್ನಾಗಿಸಿದರು."

'ಮಂತ್ರಮುಗ್ಧ'! ಬುಧವಾರಗಳಂದು ನಾವೆಲ್ಲ ಕೂಡಿ ಹಾಡು ಕೇಳುವ ಕೋಣೆಯಲ್ಲಿ ಆ ಪದ ನುಡಿದವರು ಎಲ್ಲರಿಗೂ ಕಾಫಿ ಮಾಡಿಕೊಡಬೇಕೆಂದು ಕಟ್ಟಳೆ ಮಾಡಿದವಳೇ ನೀನಲ್ಲವೇನೇ? ಅದೂ ಇರಲಿ. ಪದವನ್ನು ಕ್ಷಮಿಸಬಲ್ಲೆ. ವಾಕ್ಯವನ್ನು ಕ್ಷಮಿಸಲಾರೆ. ನಾನು ಶನಿವಾರ ಆ ಸಭಾಂಗಣದಲ್ಲಿದ್ದೆ. ನೀನಿರಲಿಲ್ಲ.

ಅಲ್ಲಿ ನಡೆದದ್ದೇನೆಂದು ಹೇಳುತ್ತೇನೆ, ಕೇಳು. ಮೊದಲೆರಡು ಹಾಡು ಚೆನ್ನಾಗಿಯೇ ಆದವು. ಮೂರನೆಯದಾದ ಶೀರ್ಷಿಕೆ ಗೀತೆಗೆ ತಮ್ಮ, ಗಾಬರಿಯಲ್ಲೋ ಹುಮ್ಮಸ್ಸಿನಲ್ಲೋ, ಇರಬೇಕಾದ್ದಕ್ಕಿಂತ ಮೇಲಿನ ಶ್ರುತಿ ಹಿಡಿದುಬಿಟ್ಟ. ಅವಳು ಹೇಗೋ ಎರಡು ಸಾಲು ದಾಟಿದಳು. ಹಾಡಿನಲ್ಲಿ, ಅಪ್ಪ ಮೆಟ್ಟಿಲು ಹತ್ತುತ್ತ ಗುನುಗುತ್ತಿದ್ದ ರಾಗವನ್ನು ಮಗಳು ಎತ್ತಿಕೊಳ್ಳುವ ಕಡೆ ಬರುತ್ತದಲ್ಲ, ಅಲ್ಲಿ ದನಿ ಒಡೆದೇ ಹೋಯಿತು. ಮುಂದಿನ ಸಾಲಿನಿಂದ ಒಬ್ಬ ಮಹಾಶಯ, "ಡಾಕ್ಟ್ರೇ, ಮೊದ್ಲು ನಿಮ್ಮ ಬಾಯಿ ಯಾರಿಗಾದ್ರೂ ತೋರಿಸ್ಕೊಳ್ಳಿ!" ಎಂದು ಕೂಗಿದ. ಜನ ನಕ್ಕರು. ನನಗೆ ಮೈಯೆಲ್ಲ ಉರಿದು ಏಳಲು ಹೊರಟೆ, ಮಂಡಿ ಬಿಡಲಿಲ್ಲ.

ಅವಳು ಹಾಡು ನಿಲ್ಲಿಸಿದಳು. ತಮ್ಮನ ಕಡೆ ತಿರುಗಿ, ಮೈಕು ಮುಂದಿರುವುದನ್ನೂ ಮರೆತು, "ಲೋ, ಎರಡನೇ ಮಹಡಿಗೆ ಅಂತ ಹೊರಟ್ರೆ ಟೆರೇಸಿಗೆ ಹತ್ತಿಸಿಬಿಟ್ಯಲ್ಲೋ!" ಅಂದಳು. ತಮ್ಮ, "ಇಳಿಸ್ತೀನಿ ಇರಕ್ಕ, ಬೀಳ್ಬೇಡ" ಅಂದ. ಈಗ ಜನ ನಕ್ಕದ್ದು ಬೇರೆ ನಗು. ಡ್ರಮ್ಮಿನವನಿಗೆ ಸುಮ್ಮನಿರಲು ಕೈ ಮಾಡಿದಳು. ಸ್ಪೀಕರಿನ ಪೆಟ್ಟಿಗೆಯ ಮೇಲೆ ಕುಳಿತಳು. ತಮ್ಮ ಇಳಿಸಿದ, ಆದರೆ ಗಾಬರಿ ಇನ್ನೂ ಇತ್ತಲ್ಲ, ಆಲ್ಬಮ್ಮಿಗಿಂತಲೂ ಎಷ್ಟೋ ಕೆಳಗೆ ಇಳಿಸಿಬಿಟ್ಟ. ಅವಳು ಬೇಡವೆನ್ನಲಿಲ್ಲ.

ಅಷ್ಟು ಕೆಳಗೆ ಅವಳ ಕಂಠಕ್ಕೆ ಮಾಧುರ್ಯವಿಲ್ಲ. ಉಳಿದದ್ದು ಮಾತು. ಅಪ್ಪ ಗುನುಗುತ್ತಿದ್ದದ್ದು ಖುಷಿಗಲ್ಲ, ತನ್ನ ಏದುಸಿರು ಮಕ್ಕಳ ಕಿವಿಗೆ ಬೀಳದಿರಲೆಂದು, ಎಂಬ ಸಾಲು ಆ ಹಾಡಿನಲ್ಲಿದೆ. ನೀನೂ ನಾನೂ ಆ ಆಲ್ಬಮ್ಮನ್ನು ಎಷ್ಟು ಸಲ ಕೇಳಿದ್ದೇವೆ! ಅಲ್ಲಿ ಆ ಸಾಲು ಎತ್ತರದಲ್ಲಿ ಹಕ್ಕಿಯ ಹಾಗೆ ಹಾರಿಹೋಗುತ್ತದೆ. ನಾವು ರೆಕ್ಕೆಯನ್ನು ನೋಡಿ ತಲೆದೂಗಿದ್ದೇವೆಯೇ ಹೊರತು ಅದೇನು ಹೇಳುತ್ತಿದೆಯೆಂದು ಗಮನಿಸಿರಲಿಲ್ಲ. ಶನಿವಾರ ಅವಳು ಅದನ್ನು ಅಪ್ಪನ ಎದುರು ನಿಂತು ಜಗಳವಾಡುವ ಹಾಗೆ ಹೇಳಿದಳು. ಯಾಕೆ ಮುಚ್ಚಿಟ್ಟೆ, ಯಾಕೆ ಕೂತು ಸುಧಾರಿಸಿಕೊಳ್ಳಲಿಲ್ಲ ಎಂದು ಕೇಳುವವಳ ಹಾಗೆ. ಕೂಗಿದ್ದ ಆ ಮಹಾಶಯ ಮೊಬೈಲನ್ನು ಬೋರಲು ಹಾಕಿಟ್ಟು ತಲೆ ಬಗ್ಗಿಸಿದ್ದ.

ರೇಡಿಯೊ ಕೇಂದ್ರದ ಸಂಗೀತ ಭಂಡಾರದಲ್ಲಿ ಆಯುಷ್ಯ ಕಳೆದವಳು ನಾನು. ಹಾಡೊಂದು ತನ್ನ ಅರ್ಥವನ್ನು ಜನರ ಎದುರಿಗೇ ಹುಡುಕಿಕೊಂಡದ್ದನ್ನು ಹೀಗೆ ಕಂಡದ್ದು ಕಡಿಮೆ. ಅಂಥದ್ದಕ್ಕೆ ನಿನ್ನ ಪತ್ರಿಕೆಯಲ್ಲಿ ಸಿಕ್ಕ ಬೆಲೆ: ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ!

ಭಾನುವಾರ ಬೆಳಿಗ್ಗೆಯೇ ನಿಮ್ಮ ಪುರವಣಿ ಸಂಪಾದಕರಿಗೆ ಫೋನ್ ಮಾಡಿದೆ. ಆ ಮನುಷ್ಯನಿಗೆ ಮುಜುಗರವಾದರೂ ಆದೀತೆಂದುಕೊಂಡಿದ್ದೆ. "ಅಯ್ಯೋ ಮೇಡಂ, ಪುರವಣಿ ಶುಕ್ರವಾರವೇ ಅಚ್ಚಾಗಿಬಿಡತ್ತೆ. ಶನಿವಾರದ್ದು ಭಾನುವಾರ ಬರ್ಬೇಕು ಅಂದ್ರೆ ಇನ್ನೇನ್ ಮಾಡೋಣ? ಹುಡುಗಿ ಗುರುವಾರದ ರಿಹರ್ಸಲ್ ಕೇಳಿಯೇ ಬರೆದಿದಾಳೆ. ಹಾಡೂ ಅದೇ, ಗಂಟಲೂ ಅದೇ. ಎಲ್ಲರೂ ಹೀಗೇ ಮಾಡೋದು" ಎಂದು ನಕ್ಕರು. ಎಲ್ಲರೂ ಉಣ್ಣುವ ಮೊದಲೇ ತೇಗುವವರಾದರೆ ಅಡುಗೆ ಮಾಡುವವರು ಯಾಕೆ ಬೇಕು ಸ್ವಾಮಿ ಎಂದು ಕೇಳಿದೆ. ಅದಕ್ಕೂ ನಕ್ಕರು. ನಿನ್ನ ಮೇಲಿರುವುದಕ್ಕಿಂತ ಹೆಚ್ಚು ಕೋಪ ನನಗೆ ಅವರ ಮೇಲಿದೆ. ಕೈಗೆ ಸಿಕ್ಕ ಎಳೆಯ ಪ್ರತಿಭೆಗೆ ಕಲಿಸಲು ಅವರಿಗೆ ಸಿಕ್ಕಿದ್ದು ಈ ವಿದ್ಯೆಯೇ? ಒಂದು ವಾರ ತಡವಾಗಿ ಬಂದರೆ ಸಂಗೀತ ಹಳಸಿಹೋಗುತ್ತಿತ್ತೇ?

ಆದರೆ ಅವರು ಹೇಳಿದರೆಂದು ನೀನು ಬರೆದೆ ಎಂಬುದು ನನ್ನ ಎದೆಗೆ ಇಳಿಯುತ್ತಿಲ್ಲ. ನಮ್ಮ ಕೋಣೆಗೆ ಬಂದ ಮೊದಲ ದಿನವೇ ಹಾಡಿನ ನಡುವೆ ಯಾರೋ ಕುರ್ಚಿ ಎಳೆದ ಸದ್ದಿದೆ ಎಂದು ಹಟ ಹಿಡಿದು, ಎಲ್ಲರೂ ನಕ್ಕಾಗ ಮೂರು ಸಲ ಹಾಕಿಸಿ ಕೇಳಿಸಿದವಳು ನೀನು. ಅಂದಿನಿಂದ ನಿನಗೆ ದೊಡ್ಡಕಿವಿ ಎಂದು ಹೆಸರಾಯಿತು. ಈಗಿನ ಹುಡುಗರು ಅರ್ಧ ಹಾಡು ಕೇಳಿ ಮುಂದಕ್ಕೆ ಓಡಿಸುತ್ತಾರೆ ಎಂದು ನನ್ನ ಓರಗೆಯವರು ಮೂಗು ಮುರಿದಾಗಲೆಲ್ಲ ನಿನ್ನನ್ನೇ ಮುಂದಿಟ್ಟು ಜಗಳವಾಡಿದ್ದೇನೆ. ಇನ್ನು ಮುಂದೆಯೂ ಆಡುತ್ತೇನೆ. ಆದರೆ ನನ್ನ ಕೈ ಬಲಪಡಿಸು ಮಾರಾಯ್ತಿ.

ನಿನಗೆ ತಿಳಿಯದ ಮಾತು ಇನ್ನೊಂದಿದೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. ಶನಿವಾರ ವೇದಿಕೆಯಿಂದ ಇಳಿದ ಕೂಡಲೇ ಅಕ್ಕತಮ್ಮ ಒಂದು ನಿರ್ಧಾರಕ್ಕೆ ಬಂದಿದ್ದರಂತೆ: ಈ ಶುಕ್ರವಾರ ಹೊಸ ಆಲ್ಬಮ್ಮಿನ ಧ್ವನಿಮುದ್ರಣ ಶುರುವಾದಾಗ ಆ ಹಾಡನ್ನು ಹೀಗೆಯೇ, ತಗ್ಗಿನಲ್ಲಿ, ಮತ್ತೊಮ್ಮೆ ಹಾಡಿ ಸೇರಿಸಬೇಕೆಂದು. ಹೊಸ ಹಾಡುಗಳನ್ನೂ ಅದೇ ದನಿಯಲ್ಲಿ ಹಾಡಬೇಕೆಂದು. ಭಾನುವಾರ ಮಧ್ಯಾಹ್ನ, ನಿನ್ನ ಬರಹ ಓದಿ, ಅವಳೇ ನನಗೆ ಫೋನ್ ಮಾಡಿದಳು. "ಮೇಡಂ, ಅವರು ಅಷ್ಟು ಚೆನ್ನಾಗಿ ಕೇಳೋರು. ಅವರಿಗೇ ಏನೂ ಆಗ್ಲಿಲ್ಲ ಅನ್ನಿಸಿದ್ರೆ, ಅಲ್ಲೇನೂ ಆಗ್ಲಿಲ್ಲ ಅಂತ ತಾನೆ? ನಾನೇ ಏನೋ ದೊಡ್ಡದು ಅಂದ್ಕೊಂಡುಬಿಟ್ಟೆ. ನನ್ನ ಮುಖ ನೋಡಿ ಪಾಪ ಅಂತ ಒಳ್ಳೇದು ಬರೆದಿದಾರೆ. ಹಳೇ ತರಾನೇ ಹಾಡ್ತೀನಿ ಬಿಡಿ" ಅಂದಳು. ನಾನು ಏನೋ ಸಮಾಧಾನ ಹೇಳಿ ಫೋನಿಟ್ಟೆ.

ನೋಡಿದೆಯಾ? ನೀನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ದಿನವೂ ಬಾಯಿ ತೆರೆದು ನರಳುವವರ ನಡುವೆ ಇರುವವಳು. ನಿನ್ನ ಹೊಗಳಿಕೆ ಅವಳನ್ನು ಕೆಡವಿತು. ಕೇಳದೆ ಹೊಗಳುವುದು ನಿರಪಾಯವೆಂದು ಯಾರಾದರೂ ನಿನಗೆ ಹೇಳಿದ್ದರೆ ಈ ಒಂದು ಫೋನ್ ಕರೆಯನ್ನು ಅವರಿಗೆ ವಿವರಿಸು.

ಶುಕ್ರವಾರದೊಳಗೆ ಕ್ಲಿನಿಕ್ಕಿಗೆ ಹೋಗು. ಹಲ್ಲುನೋವಿನವರ ಸಾಲಿನಲ್ಲಿ ಕುಳಿತು ನಿನ್ನ ಸರದಿ ಬಂದಾಗ ಒಳಗೆ ಹೋಗಿ, ಶನಿವಾರ ನಾನು ಬಂದಿರಲಿಲ್ಲ ಎಂದು ಅವಳ ಮುಖ ನೋಡಿ ಹೇಳು. ಆಮೇಲೆ, ನನಗೋಸ್ಕರ ಆ ಹಾಡನ್ನು ಒಮ್ಮೆ ಹಾಡ್ತೀರಾ ಎಂದು ಕೇಳು. ಹಾಡಿದರೆ ಕೇಳಿ, ಕೇಳಿದ್ದನ್ನು ಮುಂದಿನ ಭಾನುವಾರ ಬರೆ. ಸಂಪಾದಕರು ಜಾಗವಿಲ್ಲ ಎಂದರೆ ನನ್ನ ಹತ್ತಿರ ಕಳಿಸು. ಅವರನ್ನು ನಗಿಸಿ ನನಗೀಗ ಅಭ್ಯಾಸವಾಗಿದೆ.

ಬುಧವಾರ ಕೋಣೆಯ ಬಾಗಿಲು ತೆರೆದೇ ಇರುತ್ತದೆ. ಮುಖ ತೋರಿಸಲು ನಾಚಿಕೆ ಎಂದು ತಪ್ಪಿಸಿಕೊಂಡರೆ ಮಾತ್ರ ನಿನ್ನ ಮನೆಗೇ ಬಂದು ಕಿವಿ ಹಿಂಡುತ್ತೇನೆ.

ನಂಬಿಕೆಯಿರುವುದರಿಂದಲೇ ಇಷ್ಟು ಬೈದಿರುವ,
ನಿನ್ನ ಮೇಡಂ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ತೆರೆದಿದ್ದೇನೆ. ದಂತವೈದ್ಯೆಗೆ ಏನೋ ಸಮಾಧಾನ ಹೇಳಿದೆ ಎಂದು ಮೇಲೆ ಬರೆದೆನಲ್ಲ, ಅದೇನೆಂದು ನೀನು ತಿಳಿದಿರಬೇಕು. "ಹುಡುಗಿ ಸಭಾಂಗಣದಲ್ಲೇ ಇದ್ದಳಮ್ಮ, ಎಲ್ಲಾ ಕೇಳಿಸ್ಕೊಂಡು ಎಲ್ಲಾ ಬರೆದಿದ್ದಳು, ಆ ಸಂಪಾದಕ ಕತ್ತರಿ ಹಾಕಿಬಿಟ್ಟ" ಎಂದುಬಿಟ್ಟೆ. ಅವಳ ಕಣ್ಣಲ್ಲಿ ನೀನು ಸಣ್ಣವಳಾಗುವುದನ್ನು ನೋಡಲು ಆ ಗಳಿಗೆಯಲ್ಲಿ ನನ್ನಿಂದಾಗಲಿಲ್ಲ. ಅವಳ ದನಿ ಒಮ್ಮೆಲೇ ಅರಳಿತು. ಹಾಗಾದರೆ ಅವರು ಏನು ಬರೆದಿದ್ದರೆಂದು ಅವರನ್ನೇ ಕೇಳುತ್ತೇನೆ ಎಂದು ನಿನ್ನ ನಂಬರು ತೆಗೆದುಕೊಂಡಳು. ನೀನು ಕ್ಲಿನಿಕ್ಕಿಗೆ ಹೋಗುವ ಮೊದಲೇ ಅವಳ ಫೋನ್ ಬಂದರೂ ಬರಬಹುದು. ನನ್ನ ಮರ್ಯಾದೆ ಉಳಿಸುವ ಯೋಚನೆ ಬೇಡ. ಮೇಡಂ ನಿಮಗೆ ಸುಳ್ಳು ಹೇಳಿದರು ಎಂಬಲ್ಲಿಂದಲೇ ಮಾತು ಶುರುಮಾಡು.