ಆಟದ ಗೌರಿ

೧೯ ಮಾರ್ಚ್ ೧೮೯೩, ಭಾನುವಾರ. ಯುಗಾದಿ.

ಕೋರ್ಟಿಗೆ ರಜೆ. ಮದರಾಸಿನ ಪೇಪರು ಎಂದಿನಂತೆ ಎರಡು ದಿನ ಹಳೆಯದು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಗಿರಿಜಕ್ಕ ಬೇವು-ಬೆಲ್ಲ ತಂದಿಟ್ಟಳು. ತೋರಣ ಕಟ್ಟಿಲ್ಲ, ಹೋಳಿಗೆ ಇಲ್ಲ. ಸಾವಿನ ವರ್ಷ, ಹಬ್ಬ ಮಾಡುವ ಹಾಗಿಲ್ಲ. ನನಗೆ ಬೇವು ಸಾಕು, ಬೆಲ್ಲ ತುಂಗಾಗೆ ಇರಲಿ ಅಂದೆ.

ಪದ್ಮಾ ತೀರಿಕೊಂಡು ಇಂದಿಗೆ ಅರವತ್ತೊಂಬತ್ತು ದಿನ. ಜನವರಿ ಒಂಬತ್ತು, ಸಿರುಗುಪ್ಪ, ಅವಳ ತವರುಮನೆ, ಹೆರಿಗೆಯಾದ ಮೂರನೇ ದಿನ. ಗಂಡು ಮಗು ಉಳಿದಿದೆ. ಅತ್ತೆ ಸೀತಾಬಾಯಿಯವರ ಬಳಿ ಇದೆ.

ತುಂಗಾಗೆ ಏಳು ವರ್ಷ. ಅವಳಿಗೆ ತಮ್ಮ ಹುಟ್ಟಿದ್ದು ಗೊತ್ತು, ಅಮ್ಮ ಹೋದದ್ದು ಗೊತ್ತಿಲ್ಲ. ಕರ್ಮವೆಲ್ಲ ಸಿರುಗುಪ್ಪದಲ್ಲೇ ಆಯಿತು. ಇವಳು ಇಲ್ಲಿ ಅಕ್ಕನ ಬಳಿ ಇದ್ದಳು. ನಾನು ಮರಳಿ ಬಂದಾಗ ಬಾಗಿಲಲ್ಲೇ ನಿಂತು ಅಮ್ಮ ಎಲ್ಲಿ ಅಂದಳು. ತವರಲ್ಲಿ ಇದ್ದಾಳೆ ಅಂದೆ. ಬೂದಿಯನ್ನು ಅಲ್ಲಿಯ ಹೊಳೆಗೇ ಬಿಟ್ಟು ಬಂದಿದ್ದೆ... ಸುಳ್ಳಲ್ಲ ಎಂದು ಆ ಗಳಿಗೆಗೆ ಅನ್ನಿಸಿತು. ಮೀಸೆ ಎಲ್ಲಿ ಅಂದಳು. ಸೆಕೆಗೆ ತೆಗೆಸಿದೆ ಅಂದೆ. ಜನವರಿಯಲ್ಲಿ.

ಸೆಕೆ ನಿಜವಾಗಿ ಶುರುವಾದದ್ದು ಈ ವಾರ. ಬಳ್ಳಾರಿ ಗುಡ್ಡದ ಬಂಡೆ ಕಾದು ಓಣಿಯ ತನಕ ಝಳ ಬರುತ್ತಿದೆ.

೨೧ ಮಾರ್ಚ್, ಮಂಗಳವಾರ. ಸಂಜೆ ಆರು.

ಚೈತ್ರದ ತದಿಗೆ. ಗೌರಿ ತವರಿಗೆ ಬರುವ ದಿನ. ಒಂದು ತಿಂಗಳು ಉಯ್ಯಾಲೆಯಲ್ಲಿ ಕೂತು, ಪಾನಕ ಕೋಸಂಬರಿ ತಿಂದು, ಅಕ್ಷಯ ತದಿಗೆಗೆ ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೊರಡುತ್ತಾಳೆ. ಪದ್ಮಾ ಪ್ರತಿ ವರ್ಷ ಕೂಡಿಸುತ್ತಿದ್ದಳು.

ತುಂಗಾ ಬೆಳ್ಳಿ ಗೌರಿ ಕೇಳಿದಳು. ಅಕ್ಕ ಈ ವರ್ಷ ಗೌರಿ ಬರುವುದಿಲ್ಲ ಅಂದಳು. ಯಾಕೆ ಅಂದಳು ಇವಳು. ಅಕ್ಕ ನನ್ನ ಮುಖ ನೋಡಿದಳು. ನಾನು ಪೇಪರು ನೋಡಿದೆ.

"ಬರಂಗಿಲ್ಲ ಅಂದ್ರ ಹ್ಯಾಂಗ? ಅಮ್ಮ ತವರಿಗೆ ಹೋಗ್ಯಾಳ. ಗೌರಿನೂ ತವರಿಗೆ ಬರಬೇಕಲ್ಲ."

ಕೊನೆಗೆ ನಾನೇ ತೀರ್ಮಾನ ಹೇಳಿದೆ. ಬೆಳ್ಳಿ ಗೌರಿ ಪೆಟ್ಟಿಗೆಯಲ್ಲೇ ಇರಲಿ. ಮಂತ್ರ ಬೇಡ, ನೈವೇದ್ಯ ಬೇಡ. ಹುಡುಗಿ ಮಣ್ಣಿನದೊಂದು ಮಾಡಿಕೊಳ್ಳಲಿ. ಅದು ಆಟ. ಆಟಕ್ಕೆ ನಿಷೇಧವಿಲ್ಲ.

"ಕೋರ್ಟಿನ್ಯಾಗ ಭಾಷಾಂತರ ಮಾಡಿ ಮಾಡಿ ಕಾನೂನು ಛಲೋ ಕಲತೀದಿ, ಪ್ರಾಣೇಶ" ಅಂದಳು ಅಕ್ಕ. ಆದರೂ ಹಿತ್ತಲಿನಿಂದ ಮಣ್ಣು ತಂದು ನಾದಿಕೊಟ್ಟವಳು ಅವಳೇ. ಮಡಿಯ ಕೈ ಮಣ್ಣಾಗಿತ್ತು. ತೊಳೆಯಲು ಅವಸರ ಮಾಡಲಿಲ್ಲ.

೨೬ ಮಾರ್ಚ್, ಭಾನುವಾರ.

ಗೌರಿ ಒಣಗಿದ್ದಾಳೆ. ಒಂದು ಗೇಣು ಎತ್ತರ. ಮೂಗು ಅಕ್ಕಿಕಾಳು, ಕಣ್ಣು ಗುಲಗಂಜಿ. ಎಡಗಣ್ಣು ಸ್ವಲ್ಪ ಮೇಲೆ. ಹಳೆಯ ತಕ್ಕಡಿಯ ತಟ್ಟೆಗೆ ಹಗ್ಗ ಕಟ್ಟಿ ಉಯ್ಯಾಲೆ.

ಉಯ್ಯಾಲೆಗೆ ಗಿಣಿಗಳು ಬೇಕು. ಬ್ರೂಸ್‌ಪೇಟೆಯಿಂದ ತಂದ ಬಣ್ಣದ ಕಾಗದ ಆರು ಗಿಣಿಗೆ ಮುಗಿಯಿತು. ತುಂಗಾ ನನ್ನ ಪೇಪರುಗಳ ಅಟ್ಟಿ ತೋರಿಸಿದಳು. ಹನ್ನೊಂದು ವರ್ಷದ ಅಟ್ಟಿ, ತಾರೀಖಿನ ಪ್ರಕಾರ ಜೋಡಿಸಿದ್ದು. ಅಪ್ಪನ ಕಾಲದಿಂದ ಈ ಮನೆಯಲ್ಲಿ ಪೇಪರು ಹರಿದದ್ದಿಲ್ಲ. ತೊಗೊ ಅಂದೆ. ಅಕ್ಕ ಒಳಗಿನಿಂದ ಬಂದು ನೋಡಿ ಹೋದಳು.

ಹಸಿರಿಗೆ ಬೇವಿನೆಲೆಯ ರಸ. ಕೊಕ್ಕಿಗೆ ಅರಿಶಿನದಲ್ಲಿ ಸುಣ್ಣ ಕಲಸಿದರೆ ಕೆಂಪು. ಪಕ್ಕದ ಮನೆಯ ಜಂಬಮ್ಮನ ಇಬ್ಬರು ಹೆಣ್ಣುಮಕ್ಕಳೂ ಕೂತಿದ್ದರು. ಸಂಜೆಗೆ ಇಪ್ಪತ್ತೆರಡು ಗಿಣಿ. ಒಂದರ ಹೊಟ್ಟೆಯ ಮೇಲೆ ಮದರಾಸು ಬಂದರಿಗೆ ಬಂದ ಹಡಗುಗಳ ಪಟ್ಟಿ. ಇನ್ನೊಂದರ ರೆಕ್ಕೆಯ ಮೇಲೆ ನಾನೇ ಬರೆದು ಕಳಿಸಿದ ಬಳ್ಳಾರಿ ವರ್ತಮಾನ. ಓದಿ ನೋಡಿದೆ. ಎಂಬತ್ತೊಂಬತ್ತನೇ ಇಸವಿ. ಕೌಲ್‌ಬಜಾರದಲ್ಲಿ ವಾಂತಿಭೇದಿ, ನಾಲ್ಕು ಸಾವು. ಯಾರು, ಎಲ್ಲಿ, ಯಾವಾಗ. ಎರಡೇ ಸಾಲು. ಬರೆಯಲು ಐದು ನಿಮಿಷ ಹಿಡಿದಿರಬೇಕು.

೩೧ ಮಾರ್ಚ್, ಶುಕ್ರವಾರ.

ಕೋರ್ಟಿನಿಂದ ಬರುವಾಗ ಐದೂವರೆ. ಜಗಲಿಯ ಮೇಲೆ ಹೆಣ್ಣುಮಕ್ಕಳ ಸಾಲು. ಹೆಸರುಬೇಳೆ ಕೋಸಂಬರಿ, ನೆನೆಸಿದ ಕಡಲೆ, ಮಾವಿನಕಾಯಿ ಹಾಕಿದ ಒಗ್ಗರಣೆ ಮಂಡಕ್ಕಿ, ನಿಂಬೆಹಣ್ಣಿನ ಪಾನಕ. ಎಲ್ಲ ಅಕ್ಕನ ಕೈಯದು. ಪಾನಕಕ್ಕೆ ಏಲಕ್ಕಿ ಹೆಚ್ಚಾಗಿತ್ತು. ಪದ್ಮಾ ಮೆಣಸು ಹಾಕುತ್ತಿದ್ದಳು.

ಹಬ್ಬ ಅಲ್ಲವೆಂದು ನಮ್ಮವರ ಹೆಂಗಸರು ಯಾರೂ ಬರಲಿಲ್ಲ. ಆಟವೆಂದು ಜಂಬಮ್ಮ ಬಂದಳು. ಅವಳ ಗಂಡ ವಿರೂಪಾಕ್ಷಪ್ಪನದು ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿ. ಗೌರಿಗೆಂದು ಇಳಕಲ್ಲಿನ ತುಂಡೊಂದು ತಂದಿದ್ದಳು.

ತುಂಗಾ ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟಳು. ಕೊನೆಗೆ ಬಟ್ಟಲು ಹಿಡಿದು ಅಕ್ಕನ ಮುಂದೆ ನಿಂತಳು. ಅಕ್ಕನ ಗಂಡ ಹೋದದ್ದು ಅವಳ ಹದಿನಾಲ್ಕನೇ ವಯಸ್ಸಿಗೆ. ಇಪ್ಪತ್ತೆಂಟು ವರ್ಷವಾಯಿತು.

"ಇದು ಆಟದ ಕುಂಕುಮ, ಗಿರಿಜತ್ತಿ."

ಅಕ್ಕ ಬಲ ಅಂಗೈ ಚಾಚಿದಳು. "ಇಲ್ಲಿ ಹಚ್ಚು" ಅಂದಳು. ಆಮೇಲೆ ಎಡಗೈಯಲ್ಲೇ ಮಂಡಕ್ಕಿ ಬಡಿಸಿದಳು.

ಜಂಬಮ್ಮ ಹೊರಡುವಾಗ ನನ್ನ ಹತ್ತಿರ ನಿಂತು ದನಿ ತಗ್ಗಿಸಿ ಹೇಳಿದ್ದು:

"ಸ್ವಾಮಿ, ಮಗಳಿಗಿ ಹೇಳಿಬಿಡ್ರಿ. ನಮ್ಮ ಓಣಿ ಬಾಯಿ ಇಷ್ಟು ದಿನ ಮುಚ್ಚಿದ್ದ ದೊಡ್ಡದು. ನಾಳಿ ಯಾವುದಾರ ಹುಡುಗಿ ಜಗಳದಾಗ ಅಂದಬಿಟ್ಲಂದ್ರ... ಊರ ಸುದ್ದಿ ಎಲ್ಲಾ ಬರೀತೀರಿ. ಮನಿ ಸುದ್ದಿ ನೀವ ಹೇಳಬೇಕು."

ಹೇಳುತ್ತೇನೆ ಅಂದೆ.

೮ ಏಪ್ರಿಲ್, ಶನಿವಾರ.

ಹೇಳಿಲ್ಲ.

ಸಿರುಗುಪ್ಪದಿಂದ ಪೋಸ್ಟು. ಅತ್ತೆಯವರು ಯಾರಿಂದಲೋ ಬರೆಸಿದ್ದಾರೆ. ಮಗು ಚೆನ್ನಾಗಿದೆ. ಹಾಲೂಡಿಸುವ ಕೊಟ್ರಮ್ಮ ತಿಂಗಳ ಕೊನೆಗೆ ಕರೂರಿಗೆ, ಗಂಡನ ಮನೆಗೆ ಹೋಗುತ್ತಾಳೆ, ಭತ್ತದ ಕೊಯ್ಲಿಗೆ. ಇನ್ನು ಹಸುವಿನ ಹಾಲೇ ಗತಿ; ಅದು ಬಳ್ಳಾರಿಯಲ್ಲೂ ಸಿಕ್ಕುತ್ತದೆ. ಆದ್ದರಿಂದ ಅಕ್ಷಯ ತದಿಗೆಯ ಬೆಳಿಗ್ಗೆ ಕೆಂಚಣ್ಣನ ಗಾಡಿಯಲ್ಲಿ ಹೊರಟು, ರಾತ್ರಿ ಕುರುಗೋಡಿನಲ್ಲಿ ಉಳಿದು, ಗುರುವಾರ ಬಳ್ಳಾರಿ ತಲುಪುತ್ತೇವೆ.

ಅಕ್ಕನಿಗೆ ಕೇಳಲೆಂದು ಗಟ್ಟಿಯಾಗಿ ಓದಿದೆ. ತಪ್ಪು ಅಲ್ಲೇ ಆಯಿತು. ತುಂಗಾ ಕಂಬದ ಹಿಂದೆ ಕತ್ತರಿ ಹಿಡಿದು ಕೂತಿದ್ದಳು. ‘ತಲುಪುತ್ತೇವೆ’ ಅಂತ ಬರೆದಾರ ಅಂದಳು. ಅಂದರೆ ಒಬ್ಬರಲ್ಲ. ಅಕ್ಷಯ ತದಿಗೆಗೆ ಗೌರಿ ತವರು ಬಿಡುತ್ತಾಳೆ. ಅಮ್ಮನೂ ಅದೇ ದಿನ ಬಿಡುತ್ತಾಳೆ. ಲೆಕ್ಕ ಸರಿಯಾಗಿ ಹೊಂದಿತು. ನನ್ನ ಮಗಳು.

ಅಕ್ಕ ಒಳಗೆ ಹೋಗಿ ಒಲೆ ಊದಿದಳು. ಒಲೆ ಉರಿಯುತ್ತಲೇ ಇತ್ತು.

ಈ ವಾರದ ವರ್ತಮಾನ ಕಳಿಸಿಲ್ಲ. ಹನ್ನೊಂದು ವರ್ಷದಲ್ಲಿ ಎರಡನೇ ಸಲ.

೧೬ ಏಪ್ರಿಲ್, ಭಾನುವಾರ. ಅಮಾವಾಸ್ಯೆ.

ಇವತ್ತು ಸೂರ್ಯಗ್ರಹಣ. ಪೇಪರಿನ ಪ್ರಕಾರ ಬ್ರೆಜಿಲ್ಲಿನಲ್ಲೂ ಆಫ್ರಿಕದಲ್ಲೂ ಪೂರ್ಣ. ನಮ್ಮ ದೇಶಕ್ಕೆ ಕಾಣದು. ಕಾಣದ ಗ್ರಹಣಕ್ಕೆ ಸ್ನಾನವಿಲ್ಲ, ಉಪವಾಸವಿಲ್ಲ. ತುಂಗಾಗೆ ವಿವರಿಸಿದೆ.

"ಇಲ್ಲಿ ಕಾಣಂಗಿಲ್ಲ. ಆದ್ರ ಆಗೋದು ಆಗ್ತದ, ಹೌದಲ್ಲಪ್ಪ?"

ಹೌದು ಅಂದೆ. ಇದೇ ಸಮಯ ಎಂದುಕೊಂಡೆ. ಬಾಯಿ ತೆರೆದೆ. ಬ್ರೆಜಿಲ್ ಎಲ್ಲಿದೆ ಎಂದು ಹೇಳಿದೆ.

ಎಂಟು ದಿನದಿಂದ ಗಿಣಿಗಳನ್ನು ಬಿಟ್ಟು ತೊಟ್ಟಿಲು ಮಾಡುತ್ತಿದ್ದಾಳೆ. ತಮ್ಮನಿಗೆ. ಪೇಪರಿನ ಪಟ್ಟಿಗಳನ್ನು ಚಾಪೆಯಂತೆ ಹೆಣೆದು, ಮೇಲೆ ಗಂಜಿ ಬಳಿದು ಒಣಗಿಸುತ್ತಾಳೆ. ಮಗು ಅದರಲ್ಲಿ ಹಿಡಿಸುವುದಿಲ್ಲ ಅಂದರೆ ಒಪ್ಪುವುದಿಲ್ಲ. ಅಮ್ಮನ ಪಾಲೆಂದು ನಾಲ್ಕು ಎಳ್ಳುಂಡಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ದಿನಾ ತೆರೆದು ನೋಡುತ್ತಾಳೆ. ತಿನ್ನುವುದಿಲ್ಲ.

೧೯ ಏಪ್ರಿಲ್, ಬುಧವಾರ. ಅಕ್ಷಯ ತದಿಗೆ.

ಗೌರಿ ಹೊರಟಳು. ಉಡಿಗೆ ಅಕ್ಕಿ, ಕೊಬ್ಬರಿ, ಜಂಬಮ್ಮ ಕೊಟ್ಟ ಇಳಕಲ್ಲಿನ ತುಂಡು. ಹಿತ್ತಲ ಬಾವಿಯ ಕಟ್ಟೆಯ ಹತ್ತಿರ ಬಕೆಟ್ಟಿನ ನೀರಿಗೆ ಬಿಟ್ಟೆವು. ಮೊದಲು ಮೂಗಿನ ಅಕ್ಕಿಕಾಳು ಬಿಟ್ಟುಕೊಂಡಿತು, ಆಮೇಲೆ ಕಣ್ಣುಗಳು. ಆರು ನಿಮಿಷದಲ್ಲಿ ಬರೀ ಕೆಸರು. ಆ ನೀರನ್ನು ಅಕ್ಕ ಮಾವಿನ ಗಿಡಕ್ಕೆ ಹಾಕಿದಳು.

ಈಗ ಅಮ್ಮ ಹೊರಟಿರಬೇಕು ಅಂದಳು ತುಂಗಾ. ಮಧ್ಯಾಹ್ನಕ್ಕೆ ಎಲ್ಲಿರುತ್ತಾರೆ, ಸಂಜೆಗೆ ಕುರುಗೋಡು ಬಂತೇ ಎಂದು ಕೇಳುತ್ತಲೇ ಇದ್ದಳು. ನಾನು ಮೈಲಿ ಲೆಕ್ಕ ಹೇಳುತ್ತಲೇ ಇದ್ದೆ.

ತುಂಗಾ ಮಲಗಿದ ಮೇಲೆ ಅಕ್ಕ ಬಂದು ಹೇಳಿದಳು:

"ನಾಳೆ ಗಾಡಿ ಹೇಳ್ತದ. ಅದಕ್ಕಿಂತ ಮೊದಲು ನೀ ಹೇಳು. ನನಗ ಯಾರೂ ಹೇಳಿರ್ಲಿಲ್ಲ, ಪ್ರಾಣೇಶ. ಕ್ಷೌರದವ ಬಂದು ಕೂತಾಗ ನನಗ ತಿಳೀತು."

ಇದನ್ನು ನಾನು ಈವರೆಗೆ ಕೇಳಿರಲಿಲ್ಲ.

೨೦ ಏಪ್ರಿಲ್, ಗುರುವಾರ. ಸಂಜೆ.

ಅರ್ಧ ದಿನ ರಜೆ ಹಾಕಿದೆ. ಹನ್ನೆರಡೂವರೆಗೆ ಮನೆ. ತುಂಗಾ ಜಗಲಿಯಲ್ಲಿ ತೊಟ್ಟಿಲಿಗೆ ಗಿಣಿ ಕಟ್ಟುತ್ತಿದ್ದಳು. ಎದುರಿಗೆ ಕೂತೆ. ವರ್ತಮಾನ ಬರೆಯುವ ಹಾಗೆಯೇ ಹೇಳಿದೆ, ಬೇರೆ ರೀತಿ ನನಗೆ ಬಾರದು. ನಿನ್ನ ಅಮ್ಮ ಜನವರಿ ಒಂಬತ್ತನೇ ತಾರೀಖು ಸೋಮವಾರ ಸಿರುಗುಪ್ಪದಲ್ಲಿ ತೀರಿಕೊಂಡಳು.

ದಾರ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಬಿಟ್ಟಳು.

"ಯಾರು ಹೇಳಿದ್ರು?"

"ನಾನ ನೋಡೀನಿ."

"ತವರಾಗ ಇದಾಳ ಅಂದಿದ್ದಿ."

"ಅಂದಿದ್ದೆ. ತಪ್ಪು ಸುದ್ದಿ ಅದು."

ಅಳಲಿಲ್ಲ. ಗಾಡಿಯಲ್ಲಿ ಯಾರು ಬರುತ್ತಾರೆ ಎಂದು ಕೇಳಿದಳು. ಅಜ್ಜಿ, ತಮ್ಮ, ಕೆಂಚಣ್ಣ ಅಂದೆ. ಮತ್ತೆ ಕೇಳಿದಳು. ಮತ್ತೆ ಅಷ್ಟೇ ಹೇಳಿದೆ. ದಾರ ಎತ್ತಿಕೊಂಡು ಉಳಿದ ಗಿಣಿ ಕಟ್ಟಿದಳು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳೂ ಅಳಲಿಲ್ಲ. ನಮ್ಮ ಮನೆ ಹೀಗೆ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎತ್ತಿನ ಗಂಟೆ. ಕೆಂಚಣ್ಣ "ಬಂದ್ವಿ ನೋಡ್ರಿ" ಎಂದು ನೊಗ ಇಳಿಸಿದ. ಅತ್ತೆಯವರು ಇಳಿದರು, ಮೈತುಂಬ ಧೂಳು. ಮಗುವನ್ನು ಅಕ್ಕ ಇಸಿದುಕೊಂಡಳು. ಹಣೆ ಪದ್ಮಾಳದು. ಎರಡು ಗಂಟು, ಒಂದು ಹಾಲಿನ ತಂಬಿಗೆ. ಅಷ್ಟೇ.

ತುಂಗಾ ತಮ್ಮನನ್ನು ನೋಡಲಿಲ್ಲ. ನೇರ ಗಾಡಿಯ ಹಿಂದಕ್ಕೆ ಹೋದಳು. ಚಕ್ರದ ಮೇಲೆ ಕಾಲಿಟ್ಟು ಹತ್ತಿ ಒಳಗೆ ಇಣುಕಿದಳು. ಹೇಳಿದ್ದರೂ ಇಣುಕಿದಳು. ಚಾಪೆ ಎತ್ತಿ ನೋಡಿದಳು. ಹುಲ್ಲು ಸರಿಸಿ ನೋಡಿದಳು. ಮೂಲೆಯ ತನಕ ಕೈ ಹಾಕಿ ನೋಡಿದಳು. ಇಳಿಸಿಕೊಳ್ಳಲೆಂದು ನಾನು ಹಿಂದೆ ಹೋದೆ. ಅವಳ ತಲೆಯ ಮೇಲಿನಿಂದ ಗಾಡಿಯೊಳಗೆ, ನಾನೂ ಇಣುಕಿದೆ.